ನದಿಯ ಲೆಕ್ಕದಲ್ಲಿ ಲವಣ: ಬೇಡ್ತಿ–ವರದಾ ಜೋಡಣೆಯ ಒಂದು ವಿಮರ್ಶೆ

ಶಿರಸಿ ತಾಲ್ಲೂಕು ಎರಡು ಕಡಲುಗಳಿಗೆ ನೀರು ಹಂಚುವ ಸೀಮೆ. ಪೂರ್ವದ ಅಂಚಿನಲ್ಲಿ ದಾಸನಕೊಪ್ಪ, ಬನವಾಸಿಗಳ ಕಡೆ ಸುರಿದ ಮಳೆಯು ವರದೆಯನ್ನು ಸೇರಿ, ಗಳಗನಾಥದಲ್ಲಿ ತುಂಗಭದ್ರೆಯೊಡನೆ ಕೂಡಿ, ಕೃಷ್ಣೆಯ ಮೂಲಕ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಪಶ್ಚಿಮಕ್ಕೆ ಸುರಿದುದು ಅಘನಾಶಿನಿ, ಶಾಲ್ಮಲಾ, ಬೇಡ್ತಿಗಳ ಪಾಲಾಗಿ ಅರಬ್ಬೀ ಸಮುದ್ರವನ್ನು ಸೇರುತ್ತದೆ. ಈ ನಿಸರ್ಗದ ಗಡಿಯನ್ನು ದಾಟಿಸಿ ಪಶ್ಚಿಮದ ನೀರನ್ನು ಪೂರ್ವಕ್ಕೆ ತಿರುಗಿಸಬೇಕೆಂಬುದೇ ರಾಷ್ಟ್ರೀಯ ಜಲ ಅಭಿವೃದ್ಧಿ ಸಂಸ್ಥೆಯ ಬೇಡ್ತಿ–ವರದಾ ಜೋಡಣೆಯ ಆಶಯ. ಅದರ ಮೂಲ ಪ್ರಸ್ತಾವದಂತೆ ಪಟ್ಟಣದಹಳ್ಳ, ಶಾಲ್ಮಲಾಹಳ್ಳಗಳಿಗೆ ಅಣೆಕಟ್ಟು ಕಟ್ಟಿ, ವರ್ಷಕ್ಕೆ 242 ದಶಲಕ್ಷ ಘನಮೀಟರ್ ನೀರನ್ನು ವರದೆಗೆ ಸಾಗಿಸಿ, ತುಂಗಭದ್ರಾ ಜಲಾಶಯದ ಮೂಲಕ ರಾಯಚೂರು ಜಿಲ್ಲೆಯಲ್ಲಿ 60,200 ಹೆಕ್ಟೇರ್ ನೀರಾವರಿಗೆ ಒದಗಿಸಬೇಕು.

ಕಾಡು ಮುಳುಗುವುದನ್ನು ಕುರಿತೂ, ತೋಟಗಳ ನಷ್ಟವನ್ನು ಕುರಿತೂ ಈ ಪ್ರಸ್ತಾವದ ಮೇಲೆ ಬೇಕಾದಷ್ಟು ಆಕ್ಷೇಪಗಳು ಬಂದಿವೆ. ಅವನ್ನು ನಾವು ಇಲ್ಲಿ ಪುನಃ ಎತ್ತಿಕೊಳ್ಳುವುದಿಲ್ಲ. ಚರ್ಚೆಯಲ್ಲಿ ಬಹುಮಟ್ಟಿಗೆ ಬದಿಗೆ ಸರಿದ ಒಂದು ಪದಾರ್ಥವುಂಟು, ಅದು ಲವಣ. ನೀರು ಹೋದಲ್ಲೆಲ್ಲ ಲವಣವೂ ಹೋಗುತ್ತದೆ. ನೀರು ಆವಿಯಾಗಿ ಹೋದರೂ ಲವಣ ಹೋಗುವುದಿಲ್ಲ. ಇಷ್ಟು ಸರಳವಾದ ಮಾತು ನದಿಯೋಜನೆಗಳ ಲೆಕ್ಕದಲ್ಲಿ ಏಕೆ ಕಾಣಿಸುವುದಿಲ್ಲವೆಂಬುದೇ ನಮ್ಮ ಪ್ರಶ್ನೆ.

ಲೀಟರಿಗೆ 200 ಮಿಲಿಗ್ರಾಂ ಲವಣವಿರುವ ನೀರನ್ನು ಯಾರೂ ಉಪ್ಪುನೀರೆನ್ನುವುದಿಲ್ಲ. ಅದು ಕುಡಿಯಲು ಯೋಗ್ಯವಾದ ಸಿಹಿನೀರು. ಅಂಥ ನೀರನ್ನು ಒಂದು ಹೆಕ್ಟೇರ್ ಹೊಲಕ್ಕೆ ಒಂದು ಮೀಟರ್ ಆಳದಷ್ಟು ಹಾಯಿಸಿದರೆ 10,000 ಘನಮೀಟರ್ ಆಗುತ್ತದೆ. ಅದರೊಡನೆ 2 ಟನ್ ಲವಣ ಹೊಲಕ್ಕೆ ಇಳಿಯುತ್ತದೆ. ಬಸಿದು ಹೋಗಲು ದಾರಿಯಿಲ್ಲದಿದ್ದರೆ ಇಪ್ಪತ್ತು ವರ್ಷಗಳಲ್ಲಿ 40 ಟನ್. ನೆಲದಲ್ಲಿ ಮೊದಲೇ ಅಡಗಿರುವ ಲವಣ ಇದಕ್ಕೆ ಸೇರುತ್ತದೆ. ಎರೆಭೂಮಿಯ ಜೇಡಿಯಲ್ಲಿ ನೀರು ಇಂಗುವುದೂ ಬಸಿಯುವುದೂ ನಿಧಾನ. ಅಂತರ್ಜಲವು ನೆಲದಿಂದ ಒಂದೂವರೆ ಎರಡು ಮೀಟರಿನಷ್ಟು ಸಮೀಪಕ್ಕೆ ಏರಿದ ಮೇಲೆ ಬಿಸಿಲು ಅದನ್ನು ಮಣ್ಣಿನ ಸೂಕ್ಷ್ಮರಂಧ್ರಗಳ ಮೂಲಕ ಮೇಲಕ್ಕೆಳೆಯುತ್ತದೆ. ನೀರು ಆರಿ, ಮೇಲ್ಮೈಯಲ್ಲಿ ಬಿಳಿಯ ಪದರ ಉಳಿಯುತ್ತದೆ. ಬಯಲುಸೀಮೆಯ ರೈತನು ಇದನ್ನು ಸವಳು–ಜವಳು ಎಂದು ಒಂದೇ ಉಸಿರಿನಲ್ಲಿ ಹೇಳುತ್ತಾನೆ. ಜವಳು ಕಾರಣ, ಸವಳು ಕಾರ್ಯ. ಆ ಜೋಡುಪದದಲ್ಲಿರುವ ವಿವೇಕವು ಅನೇಕ ವರದಿಗಳಲ್ಲಿಲ್ಲ.

ತುಂಗಭದ್ರೆಯಲ್ಲಿ ನಡೆದುದೂ ಇದೇ. 1953ರಲ್ಲಿ ನೀರು ಹರಿಯತೊಡಗಿದ ಆ ಯೋಜನೆಯು ಬರಗಾಲದ ಸೀಮೆಗೆ ರಕ್ಷಣೆಯ ನೀರಾವರಿಯಾಗಿ ಹುಟ್ಟಿತು. ಕಡಿಮೆ ನೀರಿನ ಬೆಳೆಗಳನ್ನು ವಿಶಾಲವಾದ ಪ್ರದೇಶದಲ್ಲಿ ಬೆಳೆಯಬೇಕೆಂದೂ, ಭತ್ತಕ್ಕೆ ಸಣ್ಣ ಪಾಲು ಮಾತ್ರ ಸಲ್ಲಬೇಕೆಂದೂ ನಿಗದಿಯಾಗಿತ್ತು. ಕಾಲುವೆಯ ಮೇಲ್ಭಾಗದಲ್ಲಿ ಈ ನಿಗದಿ ಉಳಿಯಲಿಲ್ಲ. ಗಂಗಾವತಿ, ಸಿರುಗುಪ್ಪ, ಸಿಂಧನೂರುಗಳ ಕಡೆ ಭತ್ತವೇ ಪ್ರಧಾನವಾಯಿತು. ಕೆಲವೆಡೆ ವರ್ಷಕ್ಕೆ ಎರಡು ಬೆಳೆ. ಭತ್ತ ಬೆಳೆದವನನ್ನು ದೂಷಿಸುವುದು ಸುಲಭ. ನೀರು ಮನೆಯ ಮುಂದೆ ಹರಿಯುತ್ತಿರುವಾಗ, ಅಕ್ಕಿಗೆ ನಿಶ್ಚಿತವಾದ ಪೇಟೆಯಿರುವಾಗ, ಜೋಳ ಬಿತ್ತೆಂದು ಕಾಗದದ ಮೇಲೆ ಬರೆದರೆ ಕೇಳುವವರಾರು? ಕಾಲುವೆಯನ್ನು ಮೊದಲು ತೋಡಿ ಬಸಿಗಾಲುವೆಯನ್ನು ಮುಂದಕ್ಕೆ ತಳ್ಳಿದವರ ಹೊಣೆಯೇ ಹೆಚ್ಚಿನದೆಂದು ನಮ್ಮ ಅಭಿಪ್ರಾಯ. ಅಡಕೆ ತೋಟವನ್ನು ಬಲ್ಲ ಶಿರಸಿಯ ಓದುಗನಿಗೆ ಇದನ್ನು ವಿವರಿಸಬೇಕಾಗಿಲ್ಲ. ಬಸಿಗಾಲುವೆಯಿಲ್ಲದೆ ತೋಟ ಹಾಕುವುದನ್ನು ಅವನು ತೋಟವೆಂದೇ ಎಣಿಸುವುದಿಲ್ಲ.

ಪರಿಹಾರಗಳು ತಿಳಿಯದವಲ್ಲ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರವು ನೆಲದಡಿಯ ರಂಧ್ರಕೊಳವೆಗಳಿಂದ ಲವಣವನ್ನು ಬಸಿಯುವ ಪ್ರಯೋಗಗಳನ್ನು ನಡೆಸಿದೆ. ಕ್ಷಾರಭೂಮಿಗೆ ಜಿಪ್ಸಂ ಕೊಡುವ ಕ್ರಮವೂ ರೂಢಿಯಲ್ಲಿದೆ. ಆದರೆ ಹೊಲದಿಂದ ಬಸಿದ ಲವಣ ಎಲ್ಲಿಗೆ ಹೋಗುತ್ತದೆ? ಹಳ್ಳಕ್ಕೆ, ಹಳ್ಳದಿಂದ ನದಿಗೆ, ಅಲ್ಲಿಂದ ಕೆಳಗಿನವರ ಹೊಲಕ್ಕೆ. ಬಚಾವತ್ ನ್ಯಾಯಮಂಡಳಿಯು ಕೃಷ್ಣೆಯ 2,060 ಟಿ.ಎಂ.ಸಿ. ನೀರನ್ನು ಹಂಚುವಾಗ ಹೊಲಗಳಿಂದ ನದಿಗೆ ಮರಳುವ ನೀರನ್ನೂ ಗಣಿಸಿ, ಒಟ್ಟು 70 ಟಿ.ಎಂ.ಸಿ.ಯನ್ನು ಹೆಚ್ಚುವರಿಯಾಗಿ ಹಂಚಿತು. ಕರ್ನಾಟಕದ ಪಾಲು 34. ಮರಳಿದ ನೀರನ್ನು ಜಮೆಯ ಕಡೆಗೆ ಬರೆದುದು ಸರಿ. ಆದರೆ ಆ ನೀರು ಹೋಗುವಾಗ ಇದ್ದಂತೆಯೇ ಬರುವುದಿಲ್ಲವಷ್ಟೆ. ಈ ಎಣಿಕೆಯಲ್ಲಿ ಮರಳಿದ ನೀರಿಗೆ ಅಂಕಣವುಂಟು, ಅದು ಹೊತ್ತು ತಂದ ಲವಣಕ್ಕೆ ಇಲ್ಲ.

ಇಂತಹ ಅಂಕಣ ಅಸಾಧ್ಯವಾದುದೇನಲ್ಲ. ಆಸ್ಟ್ರೇಲಿಯದ ಮರ್ರೆ–ಡಾರ್ಲಿಂಗ್ ನದಿವ್ಯವಸ್ಥೆಯಲ್ಲಿ 1988ರ ಒಪ್ಪಂದದ ನಂತರ ಯಾವ ರಾಜ್ಯದ ಕೆಲಸದಿಂದ ನದಿಗೆ ಲವಣ ಹೆಚ್ಚಿತೋ ಆ ರಾಜ್ಯದ ಖರ್ಚಿಗೆ, ಯಾರಿಂದ ತಗ್ಗಿತೋ ಅವರ ಜಮೆಗೆ ಬರೆಯುತ್ತಾರೆ; ಮಾರ್ಗನ್ ಎಂಬ ಊರಿನ ಬಳಿ ನದಿನೀರಿನ ವಿದ್ಯುದ್ವಾಹಕತೆಯನ್ನು ಅಳೆದು ಅದಕ್ಕೆ ಮಿತಿ ಹಾಕಿದ್ದಾರೆ. ಅಮೆರಿಕದ ಕೊಲೊರಾಡೊ ಇದಕ್ಕೆ ವಿರುದ್ಧವಾದ ಪಾಠ ಹೇಳುತ್ತದೆ. 1961ರಲ್ಲಿ ಅರಿಜೋನದ ಒಂದು ನೀರಾವರಿ ಪ್ರದೇಶವು ತನ್ನ ಹೊಲಗಳ ಉಪ್ಪುನೀರನ್ನು ನದಿಗೆ ಎತ್ತಿ ಸುರಿಯತೊಡಗಿತು. ಕೆಳಗಿದ್ದ ಮೆಕ್ಸಿಕೋದ ಮೆಕ್ಸಿಕಾಲಿ ಕಣಿವೆಯ ಬೆಳೆ ಹಾಳಾಯಿತು. 1973ರ ಒಪ್ಪಂದದವರೆಗೆ ವ್ಯಾಜ್ಯ ನಡೆಯಿತು. ಒಬ್ಬರ ಬಸಿಗಾಲುವೆ ಇನ್ನೊಬ್ಬರ ಕುಡಿಯುವ ನೀರಿನ ಮೂಲವೆಂಬುದು ಅಲ್ಲಿ ಅಂತರರಾಷ್ಟ್ರೀಯ ನ್ಯಾಯದ ಪ್ರಶ್ನೆಯಾಯಿತು.

ಈಗ ಪ್ರಸ್ತಾವಕ್ಕೆ ಬರೋಣ. ರಾಯಚೂರಿನ ರೈತರ ಅಹವಾಲು ನಿಜವಾದುದು. 227 ಕಿಲೋಮೀಟರ್ ಉದ್ದದ ಎಡದಂಡೆ ಕಾಲುವೆಯ ಕೊನೆಯಲ್ಲಿರುವವರಿಗೆ ನೀರು ಬಾರದಿರುವುದು ಹಳೆಯ ಕಥೆ. ಅವರ ಒಣಗಿದ ಹೊಲವೂ ಮೇಲಿನವರ ಸವಳಾದ ಹೊಲವೂ ಒಂದೇ ಹಂಚಿಕೆಯ ಎರಡು ಫಲಗಳು. ಅಂಥಲ್ಲಿ ಹಂಚಿಕೆಯನ್ನು ತಿದ್ದದೆ ಜಲಾಶಯಕ್ಕೆ ಇನ್ನಷ್ಟು ನೀರು ಕೂಡಿಸಿದರೆ ಅದು ಮೊದಲು ತಲುಪುವುದು ಯಾರನ್ನು? ಕಾಲುವೆಯ ಬಾಯಲ್ಲಿ ಕುಳಿತವರನ್ನೇ. ಕೊನೆಯವರಿಗೆಂದು ಹೊರಟ ನೀರು ನಡುವೆ ಜವಳನ್ನು ಬೆಳೆಸುವ ಸಂಭವವೇ ಹೆಚ್ಚು. ಸವಳು ತಗ್ಗಿಸಬೇಕಾದರೂ ಕೊನೆಗೆ ನೀರು ಮುಟ್ಟಿಸಬೇಕಾದರೂ ಮಾಡಬೇಕಾದ ಕೆಲಸ ಒಂದೇ: ಮೇಲ್ಭಾಗದಲ್ಲಿ ನೀರು ಇಳಿಸುವುದು. ಸಹ್ಯಾದ್ರಿಯನ್ನು ಕೊರೆಯುವುದಕ್ಕಿಂತ ಇದು ರಾಜಕೀಯವಾಗಿ ಕಷ್ಟವೆಂಬುದನ್ನು ನಾವು ಬಲ್ಲೆವು.

ಇನ್ನು ಪಶ್ಚಿಮದ ಕಡೆ. ಕಡಲಿಗೆ ಹೋಗುವ ನೀರನ್ನು ‘ವ್ಯರ್ಥ’, ‘ಹೆಚ್ಚುವರಿ’ ಎಂದು ಕರೆಯುವುದು ವಾಡಿಕೆಯಾಗಿದೆ. ಕುಮಟೆಯ ಕಡೆ ಅಘನಾಶಿನಿಯ ಅಳಿವೆಯಲ್ಲಿ ಗಜನಿ ಭೂಮಿಯನ್ನು ನೋಡಿದವರು ಹಾಗೆನ್ನಲಾರರು. ಬೇಸಿಗೆಯಲ್ಲಿ ಉಪ್ಪುನೀರು ಏರುವ ಆ ಗದ್ದೆಗಳನ್ನು ಮಳೆಗಾಲದ ಸಿಹಿನೀರು ತೊಳೆದ ಮೇಲೆ ಕಗ್ಗ ಭತ್ತ ಬಿತ್ತುತ್ತಾರೆ. ಕಟ್ಟೆಯ ಬಾಗಿಲುಗಳ ಮೂಲಕ ಉಬ್ಬರ ಇಳಿತಗಳೊಡನೆ ಹೊಂದಿಕೊಂಡು ನೀರನ್ನು ಬಿಡುತ್ತಾರೆ, ತಡೆಯುತ್ತಾರೆ. ಲವಣವನ್ನು ಹತೋಟಿಯಲ್ಲಿಡುವ ವಿದ್ಯೆಗೆ ಇದಕ್ಕಿಂತ ಒಳ್ಳೆಯ ನಿದರ್ಶನ ನಮ್ಮ ನಾಡಿನಲ್ಲಿ ವಿರಳ. ಬೇಡ್ತಿಯು ಗಂಗಾವಳಿಯೆಂಬ ಹೆಸರಿನಲ್ಲಿ ಕಡಲನ್ನು ಸೇರುವ ಅಂಕೋಲೆಯ ಕಡೆಗೂ ನಿಯಮ ಇದೇ: ಮೇಲಿನಿಂದ ಬರುವ ಸಿಹಿನೀರೇ ಕಡಲನ್ನು ಹಿಂದಕ್ಕೆ ತಳ್ಳುವ ಬಲ. ಆ ಬಲ ಕುಗ್ಗಿದಷ್ಟೂ ಉಪ್ಪು ಒಳಕ್ಕೆ ಸರಿದು, ದಡದ ಬಾವಿಗಳನ್ನು ಮುಟ್ಟುತ್ತದೆ. ಹೀಗೆ ಒಂದೇ ಕಾಲುವೆಯು ಪೂರ್ವದಲ್ಲಿ ನೀರು ಹೆಚ್ಚಿಸಿ ಸವಳನ್ನೂ, ಪಶ್ಚಿಮದಲ್ಲಿ ನೀರು ತಗ್ಗಿಸಿ ಉಪ್ಪನ್ನೂ ಬೆಳೆಸಬಹುದು.

1981ರಲ್ಲಿ ಬೇಡ್ತಿ ಜಲವಿದ್ಯುತ್ ಯೋಜನೆಯ ಲಾಭನಷ್ಟಗಳನ್ನು ಶಿರಸಿಯಲ್ಲಿ ರೈತರೂ ವಿಜ್ಞಾನಿಗಳೂ ಒಟ್ಟಿಗೆ ಕುಳಿತು ಪರಿಶೀಲಿಸಿದರು. ಆ ಬಗೆಯ ಪರಿಶೀಲನೆ ಈ ಪ್ರಸ್ತಾವಕ್ಕೂ ಆಗಬೇಕು. ಅದಕ್ಕೆ ಬೇಕಾದ ಸಾಮಗ್ರಿ ದುಬಾರಿಯದಲ್ಲ. ಗಳಗನಾಥದಲ್ಲಿ ವರದೆಯ ನೀರು, ಸಿಂಧನೂರು–ಮಾನ್ವಿಗಳ ಹಳ್ಳಗಳು ನದಿಗೆ ಬೀಳುವ ಬಾಯಿ, ಗಂಗಾವಳಿಯ ಅಳಿವೆ: ಈ ಮೂರು ಕಡೆ ವರ್ಷವಿಡೀ, ವಿಶೇಷವಾಗಿ ಏಪ್ರಿಲ್–ಮೇ ತಿಂಗಳುಗಳಲ್ಲಿ, ವಿದ್ಯುದ್ವಾಹಕತೆಯನ್ನು ಅಳೆದಿಡಬೇಕು. ಜಿಲ್ಲೆಯ ಕಾಲೇಜುಗಳ ರಸಾಯನಶಾಸ್ತ್ರ ವಿಭಾಗಗಳು ಇದನ್ನು ಬರುವ ಬೇಸಿಗೆಯಿಂದಲೇ ಆರಂಭಿಸಬಹುದು.