ಮತ್ತೆ ಮತ್ತೆ ಬಂದು ಮೊಣಕಾಲೂರಿದವನು

ಜಪಾನಿನ ಕಥೋಲಿಕ ಲೇಖಕ ಶುಸಾಕು ಎಂಡೋ (1923–1996) ಅವರ ‘ಚಿನ್ಮೊಕು’, ಅಂದರೆ ‘ಮೌನ’, ಕಾದಂಬರಿ 1966ರಲ್ಲಿ ಪ್ರಕಟವಾದಾಗ ಸ್ವದೇಶದ ಕಥೋಲಿಕರಲ್ಲೇ ಹಲವರ ಆಕ್ಷೇಪವನ್ನು ಎದುರಿಸಬೇಕಾಯಿತು. ಇದು ಧರ್ಮತ್ಯಾಗದ ಸಮರ್ಥನೆಯಲ್ಲವೇ ಎಂಬುದು ಅವರ ಪ್ರಶ್ನೆ. 2016ರಲ್ಲಿ ಮಾರ್ಟಿನ್ ಸ್ಕೋರ್ಸೆಸಿ ಅದನ್ನು ಚಲನಚಿತ್ರವಾಗಿಸಿದಾಗಲೂ ಚರ್ಚೆ ಬಹುಮಟ್ಟಿಗೆ ಅಲ್ಲಿಯೇ ನಿಂತಿತು. ಹದಿನೇಳನೆಯ ಶತಮಾನದ ಹಿಂಸೆಯ ನಡುವೆ ಪೋರ್ಚುಗಲಿನಿಂದ ಬಂದ ಯೇಸುಸಭೆಯ ಗುರು ರೋಡ್ರಿಗಸ್, ಹೊಂಡದಲ್ಲಿ ತಲೆಕೆಳಗಾಗಿ ತೂಗುತ್ತಿದ್ದ ರೈತರ ಪ್ರಾಣ ಉಳಿಸಲು ಕ್ರಿಸ್ತನ ಚಿತ್ರಫಲಕವನ್ನು ಮೆಟ್ಟಿದ್ದು ಸರಿಯೇ, ತಪ್ಪೇ?

ಪ್ರಶ್ನೆ ದೊಡ್ಡದೇ. ಆದರೂ ಕೃತಿಯ ಜೀವವಿರುವುದು ಕಿಚಿಜಿರೋ ಎಂಬ ಕುಡುಕ ಬೆಸ್ತನಲ್ಲಿ ಎಂದು ನನಗೆ ತೋರುತ್ತದೆ.

ಅವನ ಚರಿತ್ರೆ ಹೇಸಿಗೆ ಹುಟ್ಟಿಸುವಂಥದು. ಒಡಹುಟ್ಟಿದವರು ವಿಶ್ವಾಸಕ್ಕಾಗಿ ಬೆಂಕಿಗೆ ಆಹುತಿಯಾದಾಗ ಇವನು ಫಲಕ ಮೆಟ್ಟಿ ಬದುಕಿಕೊಂಡ. ತೊಮೊಗಿ ಗ್ರಾಮದ ಮೊಕಿಚಿ, ಇಚಿಜೋ ಇಬ್ಬರೂ ಶಿಲುಬೆಗೆ ಉಗುಳಲಾರದೆ, ಕಡಲ ಉಬ್ಬರದಲ್ಲಿ ಕಂಬಕ್ಕೆ ಬಿಗಿಸಿಕೊಂಡು ಪ್ರಾಣಬಿಟ್ಟರು. ಇವನು ಉಗುಳಿ ಪಾರಾದ. ಕಡೆಗೆ ತಾನೇ ಜಪಾನಿಗೆ ಕರೆತಂದಿದ್ದ ಗುರುಗಳನ್ನು ಹಿಡಿದುಕೊಟ್ಟ. ಇಷ್ಟಾದ ಮೇಲೂ ಸೆರೆಮನೆಗೆ ಬಂದು, ತನ್ನ ಪಾಪನಿವೇದನೆ ಕೇಳಿರೆಂದು ಗೋಳಿಡುತ್ತಾನೆ. ಹಿಂಸೆಯಿಲ್ಲದ ಕಾಲದಲ್ಲಿ ಹುಟ್ಟಿದ್ದರೆ ತಾನೂ ಒಳ್ಳೆಯ ಕ್ರೈಸ್ತನಾಗಿರುತ್ತಿದ್ದೆ ಎಂಬುದು ಅವನ ಅಳಲು. ಭಾನುವಾರದ ಪೂಜೆಗೆ ನಿರಾತಂಕವಾಗಿ ಹೋಗಿಬರುವ ನಮ್ಮಲ್ಲಿ ಎಷ್ಟು ಮಂದಿ ಕಿಚಿಜಿರೋಗಳಿದ್ದೇವೋ!

ಎಂಡೋ ಅವನನ್ನು ಎಲ್ಲಿಯೂ ಅಂದಗಾಣಿಸುವುದಿಲ್ಲ. ಮೊಕಿಚಿಯ ರಕ್ತಸಾಕ್ಷ್ಯವನ್ನು ಕೀಳುಗಳೆಯುವುದೂ ಇಲ್ಲ. ಕೃತಿಯ ಪ್ರಾಮಾಣಿಕತೆ ಇರುವುದು ಇಲ್ಲಿಯೇ. ರೋಡ್ರಿಗಸ್ ಗುರುಗಳಿಗೂ ಅವನನ್ನು ಕಂಡರೆ ಮೊದಲಿನಿಂದ ಜಿಗುಪ್ಸೆ. ಸೆರೆಮನೆಯಲ್ಲಿ ಬಾಯಿ ಪಾಪಕ್ಷಮೆಯ ಮಾತನ್ನು ಉಚ್ಚರಿಸಿದರೂ ಮನಸ್ಸು ಅದರೊಡನೆ ಬರುವುದಿಲ್ಲ. ಯೂದನನ್ನು ಪ್ರಭು ಪ್ರೀತಿಸಿದ್ದರೇ ಎಂಬ ಪ್ರಶ್ನೆ ಅವರನ್ನು ಕೊರೆಯುವುದೂ ಈ ಜಿಗುಪ್ಸೆಯ ದಾರಿಯಿಂದಲೇ.

ಫಲಕದಿಂದ ಕ್ರಿಸ್ತನ ದನಿ ಕೇಳಿಬರುವ ಪ್ರಸಿದ್ಧ ಸನ್ನಿವೇಶ ನನಗೆ ಅಷ್ಟೇನೂ ಒಪ್ಪಿಗೆಯಾಗಿಲ್ಲ. ಮೌನವೆಂದು ಹೆಸರಿಟ್ಟುಕೊಂಡ ಕೃತಿ ಅಲ್ಲಿ ತುಸು ಹೆಚ್ಚೇ ಮಾತನಾಡಿತು. ಅದಕ್ಕಿಂತ ಆಳವಾದುದು, ಅನಂತರದ ಒಂದು ಭೇಟಿ. ಈಗ ಗುರುಗಳೂ ಬಿದ್ದವರು. ಆದರೂ ಕಿಚಿಜಿರೋ ಅವರ ಬಾಗಿಲಿಗೇ ಬಂದು ಮತ್ತೆ ಪಾಪನಿವೇದನೆಗೆ ಅಂಗಲಾಚುತ್ತಾನೆ. ಹೇಳುವವನೂ ಫಲಕ ಮೆಟ್ಟಿದವನು, ಕೇಳುವವರೂ ಮೆಟ್ಟಿದವರು. ಧರ್ಮಸಭೆಯ ಸಹಗುರುಗಳು ಇದನ್ನು ಹೇಗೆ ಖಂಡಿಸಿಯಾರೆಂದು ರೋಡ್ರಿಗಸ್ಸರಿಗೆ ಚೆನ್ನಾಗಿ ಗೊತ್ತು. ಕ್ಷಮೆ ನೀಡಿಯೇಬಿಡುತ್ತಾರೆ. ಮನುಷ್ಯರಿಬ್ಬರ ನಿಷ್ಠೆಯೂ ಮುರಿದುಬಿದ್ದ ಆ ಮನೆಯಲ್ಲಿ ದೇವರ ನಿಷ್ಠೆಯೊಂದೇ ಉಳಿದಿದೆ. ದೇವರ ಪ್ರೀತಿ ನಮ್ಮ ಯೋಗ್ಯತೆಯನ್ನು ನೋಡದೆಂದು ಪ್ರಬೋಧನೆಗಳಲ್ಲಿ ಬಹಳ ಸಲ ಕೇಳಿದ್ದೇವೆ. ಆ ಮಾತಿನ ಭಾರ ತಿಳಿಯಬೇಕಾದರೆ ಈ ಪುಟಗಳನ್ನು ಓದಬೇಕು.

ಕೊನೆಯ ಅನುಬಂಧವನ್ನು ಓದದೆ ಬಿಡುವವರುಂಟು. ಎದೋ ನಗರದಲ್ಲಿ ಕ್ರೈಸ್ತರನ್ನು ಇರಿಸುತ್ತಿದ್ದ ಬಂದೀಗೃಹದ ಅಧಿಕಾರಿಯೊಬ್ಬನ ಒಣ ದಿನಚರಿ ಅದು. ಅಲ್ಲಿ ಕಿಚಿಜಿರೋ, ಜಪಾನೀ ಹೆಸರು ಹೊತ್ತು ಬಾಳುತ್ತಿರುವ ಗುರುಗಳ ಸೇವಕ. ಒಮ್ಮೆ ಶೋಧನೆ ನಡೆದಾಗ ಅವನ ಕೊರಳಿಗೆ ತೂಗುಹಾಕಿದ್ದ ಚೀಲದಲ್ಲಿ ಸಂತರ ಚಿತ್ರವಿರುವ ಪೂಜ್ಯವಸ್ತುವೊಂದು ಸಿಗುತ್ತದೆ. ಅಧಿಕಾರಿ ಅದರ ವಿವರವನ್ನು ಬರೆದಿಡುತ್ತಾನೆ. ಕಿಚಿಜಿರೋ ವಿಚಾರಣೆಗೆ ಒಳಗಾಗುತ್ತಾನೆ.