ಪಂಜರವೂ ನಮ್ಮ ಕಾವ್ಯವೂ

ಪಂಜರವೆಂಬುದು ನಮ್ಮ ಸಾಹಿತ್ಯಕ್ಕೆ ಬಹು ಹಳೆಯ ವಸ್ತು. ದೇಹವೇ ಪಂಜರ, ಜೀವವೇ ಗಿಳಿ ಎಂದು ಹಾಡುವ ತತ್ವಪದಗಳಿಲ್ಲದೆ ನಮ್ಮ ಹಳ್ಳಿಗಳ ಭಜನೆ ಮುಗಿಯುವುದಿಲ್ಲ. ಪಂಜರವನ್ನು ಕುರಿತು ಇಷ್ಟೊಂದು ಹಾಡಿದ ನಾವು ಅದರೊಳಗೆ ನಿಜವಾಗಿ ಕುಳಿತಿರುವ ಪ್ರಾಣಿಯನ್ನು ಕುರಿತು ಎಷ್ಟು ಯೋಚಿಸಿದ್ದೇವೆ? ಕಾಡಿನ ಪ್ರಾಣಿಯನ್ನು ಬೇಲಿಯೊಳಗಿಟ್ಟು, ಟಿಕೆಟ್ಟು ಕೊಂಡು ನೋಡುವುದು ನ್ಯಾಯವೆ ಎಂಬ ಚರ್ಚೆ ಇಂದು ಲೋಕದಲ್ಲೆಲ್ಲ ನಡೆದಿದೆ. ನಮ್ಮಲ್ಲಿ ಅದನ್ನು ಅರಣ್ಯಾಧಿಕಾರಿಗಳಿಗೂ ಪಶುವೈದ್ಯರಿಗೂ ಬಿಟ್ಟುಕೊಟ್ಟು ಸುಮ್ಮನಾಗಿದ್ದೇವೆ. ಸಾಹಿತ್ಯದ ವಿದ್ಯಾರ್ಥಿಗೂ ಇಲ್ಲಿ ಒಂದು ಮಾತು ಹೇಳುವ ಅಧಿಕಾರವುಂಟೆಂದು ನನ್ನ ನಂಬಿಕೆ. ಏಕೆಂದರೆ ಪ್ರಾಣಿಯನ್ನು ಹೇಗೆ ನೋಡಬೇಕೆಂಬುದನ್ನು ನಮಗೆ ಮೊದಲು ಕಲಿಸಿದವರು ಕವಿಗಳು.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಸೀಮೆಯಲ್ಲಿ ಕನ್ನಡ ಪಾಠ ಹೇಳುವವನಿಗೆ ಈ ಪ್ರಶ್ನೆ ದೂರದ್ದೂ ಅಲ್ಲ. ನಮ್ಮದು ಕರಡಿಯ ಸೀಮೆ. ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆಯ ಬಂಡೆಗುಡ್ಡಗಳು 2013ರಲ್ಲಿ ಕರಡಿಧಾಮವೆಂದು ಘೋಷಿತವಾದವು. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಗೆ ನೆರೆಯುವ ಗೊರವಯ್ಯಗಳ ತಲೆಯ ಮೇಲಿರುವುದು ಕರಡಿಗೂದಲಿನ ಕುಲಾವಿ. ಇದೇ ಸೀಮೆಯ ಮಕ್ಕಳನ್ನು ಹಂಪಿಯ ಪ್ರವಾಸದ ಜೊತೆಗೆ ಕಮಲಾಪುರದ ಬಳಿಯ ಅಟಲ್ ಬಿಹಾರಿ ವಾಜಪೇಯಿ ಪ್ರಾಣಿ ಉದ್ಯಾನಕ್ಕೂ ಬಸ್ಸಿನಲ್ಲಿ ಕರೆದೊಯ್ಯುತ್ತೇವೆ. ಅಲ್ಲಿಂದ ಬಂದವರು ಬರೆಯುವ ಪ್ರವಾಸ ಪ್ರಬಂಧಗಳಲ್ಲಿ ನನಗೆ ಮತ್ತೆಮತ್ತೆ ಕಾಣಸಿಗುವ ಒಂದು ವಾಕ್ಯವಿದೆ: ಹುಲಿ ಮಲಗಿತ್ತು, ಏಳಲೇ ಇಲ್ಲ. ಆ ವಾಕ್ಯದಲ್ಲಿರುವುದು ನಿರಾಸೆ. ದುಡ್ಡು ಕೊಟ್ಟು ಬಂದವರ ಮುಂದೆ ಹುಲಿ ಏಳಬೇಕಾಗಿತ್ತೆಂಬ ಭಾವನೆ ಮಕ್ಕಳಿಗೆ ಎಲ್ಲಿಂದ ಬಂತು? ಖಂಡಿತವಾಗಿಯೂ ನಮ್ಮ ಕಾವ್ಯದಿಂದ ಬಂದದ್ದಲ್ಲ. ಅದನ್ನು ತೋರಿಸಲು ನಾನು ಮೂರು ಕೃತಿಗಳನ್ನು ಮಾತ್ರ ಆರಿಸಿಕೊಳ್ಳುತ್ತೇನೆ.

ಮೊದಲನೆಯದು ಅಕ್ಕಮಹಾದೇವಿಯ ಒಂದು ವಚನ. ಹಿಂಡಿನಿಂದ ಬೇರೆಯಾಗಿ ಸೆರೆಯಾದ ಆನೆಗೆ ತನ್ನ ವಿಂಧ್ಯದ ಹಂಬಲ. ಬಂಧನಕ್ಕೆ ಸಿಕ್ಕ ಗಿಳಿಗೆ ತನ್ನ ಬಳಗದ ಹಂಬಲ. ತನಗೆ ಚೆನ್ನಮಲ್ಲಿಕಾರ್ಜುನನ ಹಂಬಲ ಎಂಬುದು ಅದರ ಭಾವ. ಭಕ್ತಿಯ ಉತ್ಕಟತೆಗೆ ನಿದರ್ಶನವೆಂದು ಈ ವಚನವನ್ನು ನಾವು ಪಾಠ ಹೇಳುತ್ತೇವೆ, ಹೇಳಬೇಕಾದದ್ದೇ. ಆದರೆ ಉಪಮೆಯ ಧರ್ಮವೇನು? ಉಪಮಾನವು ಕೇಳುವವನಿಗೆ ಮೊದಲೇ ಪರಿಚಿತವಾಗಿರಬೇಕು. ತನ್ನ ಅಳಲನ್ನು ತಿಳಿಸಲು ಅಕ್ಕ ಸೆರೆಯಾನೆಯ ಅಳಲನ್ನು ತಂದಳೆಂದರೆ, ಆ ಆನೆಗೆ ಅಳಲುಂಟೆಂಬುದು ಹನ್ನೆರಡನೆಯ ಶತಮಾನದ ಕನ್ನಡಿಗರಿಗೆ ವಾದವಿಲ್ಲದೆ ಗೊತ್ತಿತ್ತು. ಹೊಟ್ಟೆಗೆ ಹುಲ್ಲು ಹಾಕಿದರೆ ಆನೆ ಸುಖವಾಗಿರುತ್ತದೆಂದು ಕೇಳುಗರು ನಂಬಿದ್ದರೆ ಆ ವಚನದ ಬಲವೆಲ್ಲ ಅಲ್ಲಿಗೇ ಕುಸಿದುಬೀಳುತ್ತಿತ್ತು.

ಗೊತ್ತಿದ್ದೂ ನಾವು ಆನೆಯನ್ನು ಹಿಡಿದೆವು. ಹಂಪಿಯ ಗಜಶಾಲೆಯ ಸಾಲುಗುಮ್ಮಟಗಳ ಮುಂದೆ ನಿಂತು ನಾವು ಶಿಲ್ಪವನ್ನು ಹೊಗಳುತ್ತೇವಲ್ಲದೆ ವಿಂಧ್ಯವನ್ನು ನೆನೆಯುವುದಿಲ್ಲ. ಮೈಸೂರು ಸೀಮೆಯ ಕಾಕನಕೋಟೆಯ ಖೆಡ್ಡಾ 1971ರವರೆಗೂ ನಡೆಯಿತು; ಅದನ್ನು ನೋಡಲು ದೊಡ್ಡ ದೊಡ್ಡ ಅತಿಥಿಗಳು ಬರುತ್ತಿದ್ದರು. 2009ರಲ್ಲಿ ಕೇಂದ್ರ ಮೃಗಾಲಯ ಪ್ರಾಧಿಕಾರವು ಆನೆಯಂಥ ಪ್ರಾಣಿಗೆ ಮೃಗಾಲಯದ ಜಾಗ ಸಾಲದೆಂದು ಕಂಡುಕೊಂಡು, ಅವುಗಳನ್ನು ಕಾಡಿನ ಶಿಬಿರಗಳಿಗೆ ಸಾಗಿಸಬೇಕೆಂದು ಆದೇಶ ಮಾಡಿತು. ಆ ಆದೇಶ ಎಲ್ಲೆಡೆ ಪೂರ್ತಿಯಾಗಿ ನಡೆದಿಲ್ಲವೆಂಬುದು ಬೇರೆ ಮಾತು. ಅಕ್ಕ ಉಪಮೆಯಾಗಿ ಹೇಳಿದ್ದು ಸರ್ಕಾರದ ಕಾಗದಕ್ಕೆ ಇಳಿಯಲು ಎಂಟು ನೂರು ವರ್ಷಗಳಿಗೂ ಮಿಕ್ಕಿ ಹಿಡಿಯಿತು.

ಎರಡನೆಯದು ಜನ್ನನ ‘ಯಶೋಧರ ಚರಿತೆ’. 1209ರ ಈ ಕಾವ್ಯವನ್ನು ವಿದ್ಯಾರ್ಥಿಗಳು ಅಮೃತಮತಿ ಮತ್ತು ಅಷ್ಟಾವಂಕರ ಪ್ರಕರಣಕ್ಕಾಗಿ ನೆನಪಿನಲ್ಲಿಟ್ಟುಕೊಳ್ಳುತ್ತಾರೆ. ವಿಮರ್ಶಕರೂ ಅಲ್ಲಿಯೇ ಹೆಚ್ಚು ಹೊತ್ತು ನಿಂತಿದ್ದಾರೆ. ನನಗೆ ಅದರ ಉತ್ತರಾರ್ಧ ಇನ್ನೂ ದೊಡ್ಡದಾಗಿ ಕಾಣುತ್ತದೆ. ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ಸಂಕಲ್ಪದೋಷಕ್ಕಾಗಿ ಯಶೋಧರನೂ ಅವನ ತಾಯಿ ಚಂದ್ರಮತಿಯೂ ಪ್ರಾಣಿಗಳಾಗಿ ಹುಟ್ಟಿಹುಟ್ಟಿ ಸಾಯುತ್ತಾರೆ. ಮೊದಲ ಜನ್ಮದಲ್ಲಿ ಮಗ ನವಿಲು, ತಾಯಿ ನಾಯಿ. ಎರಡೂ ಕಾಣಿಕೆಯಾಗಿ ಬಂದು ಸೇರುವುದು ತಾವೇ ಆಳಿದ ಉಜ್ಜಯಿನಿಯ ಅರಮನೆಯನ್ನು. ಅಲ್ಲಿ ಈಗ ಯಶೋಧರನ ಮಗ ಯಶೋಮತಿ ಅರಸು. ಕೊನೆಯ ತಿರ್ಯಗ್ಜನ್ಮದಲ್ಲಿ ತಾಯಿ ಮಗ ಇಬ್ಬರೂ ಕೋಳಿಗಳು, ಚಂಡಕರ್ಮನ ಪಂಜರದಲ್ಲಿ ಬಂಧಿಗಳು. ಮುನಿಯ ಧರ್ಮೋಪದೇಶ ಆ ಪಂಜರದವರೆಗೂ ಕೇಳಿಸುತ್ತದೆ. ಹಿಂದಿನ ಭವಗಳು ನೆನಪಾಗಿ, ಆನಂದ ತಡೆಯಲಾರದೆ ಅವು ಕೂಗುತ್ತವೆ. ಹತ್ತಿರದಲ್ಲೇ ಇದ್ದ ಯಶೋಮತಿ ತನ್ನ ಶಬ್ದವೇಧಿ ವಿದ್ಯೆಯನ್ನು ಮಡದಿ ಕುಸುಮಾವಳಿಗೆ ತೋರಿಸಬೇಕೆಂದು ಆ ಕೂಗಿನ ಕಡೆಗೆ ಬಾಣ ಬಿಡುತ್ತಾನೆ. ತಂದೆಯೂ ಅಜ್ಜಿಯೂ ಒಂದೇ ಬಾಣಕ್ಕೆ ಸಾಯುತ್ತಾರೆ.

ಇಲ್ಲಿ ಜನ್ನ ಮಾಡಿರುವ ಕೆಲಸವನ್ನು ಗಮನಿಸಬೇಕು. ಯಶೋಮತಿಗೆ ಕೋಳಿಗಳ ಮೇಲೆ ಹಗೆಯಿಲ್ಲ, ಅವನಿಗೆ ಹಸಿವೂ ಇಲ್ಲ. ನೋಡುವವಳೊಬ್ಬಳು ಪಕ್ಕದಲ್ಲಿದ್ದಾಳೆ, ಅವಳಿಗೆ ಒಂದು ವಿನೋದವಾಗಬೇಕು, ಅಷ್ಟೆ. ಪಂಜರದೊಳಗಿನ ಜೀವಕ್ಕೆ ಹೊರಗಿರುವವನು ಯಾರೆಂಬುದು ಗೊತ್ತು. ಹೊರಗಿರುವವನಿಗೆ ಒಳಗಿನ ಜೀವ ಯಾರೆಂಬುದು ಗೊತ್ತಿಲ್ಲ. ನವಿಲಿನ ಪ್ರಸಂಗದಲ್ಲಿಯೂ ಹೀಗೆಯೇ: ಅದು ಅರಮನೆಯನ್ನು ಗುರುತಿಸುತ್ತದೆ, ಅರಮನೆ ಅದನ್ನು ಗುರುತಿಸುವುದಿಲ್ಲ. ಮೃಗಾಲಯದ ಕಟಕಟೆಯ ಮುಂದೆ ನಿಂತಾಗ ನೋಡುವವರು ನಾವು, ನೋಡಿಸಿಕೊಳ್ಳುವುದು ಅದು ಎಂಬ ಭರವಸೆ ನಮಗಿರುತ್ತದೆ. ಆ ಭರವಸೆಯನ್ನು ಕನ್ನಡದಲ್ಲಿ ಜನ್ನನಷ್ಟು ಕಟುವಾಗಿ ಮುರಿದವರನ್ನು ನಾನು ಬೇರೆ ಕಂಡಿಲ್ಲ.

ಆದರೂ ಜನ್ನನಿಗೆ ಒಂದು ಮಿತಿಯುಂಟು. ಅವನ ಕೋಳಿಯನ್ನು ಕಂಡು ನಾವು ಮರುಗುವುದು ಅದರೊಳಗೆ ಒಬ್ಬ ಅರಸನಿದ್ದಾನೆಂದು. ಅಕ್ಕನ ಆನೆಯೂ ಹಾಗೆಯೇ, ಅವಳ ಅಳಲಿನ ಹೊದಿಕೆ. ಒಳಗೆ ಮನುಷ್ಯನಿಲ್ಲದ, ಬರಿಯ ಕೋಳಿಯೇ ಆದ ಕೋಳಿಗೆ ನಮ್ಮ ಮರುಕ ಸಲ್ಲುತ್ತದೆಯೆ? ಈ ಪ್ರಶ್ನೆಗೆ ಉತ್ತರ ದೊರೆಯುವುದು ಮೂರನೆಯ ಕೃತಿಯಲ್ಲಿ, ಎಂದರೆ 1980ರಲ್ಲಿ ಪ್ರಕಟವಾದ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ ಕಾದಂಬರಿಯಲ್ಲಿ. ವಿಜ್ಞಾನಿ ಕರ್ವಾಲೊ, ಹಳ್ಳಿಯ ಮಂದಣ್ಣ, ನಿರೂಪಕ ಮೊದಲಾದವರ ತಂಡ ಹಾರುವ ಓತಿಯನ್ನು ಹುಡುಕಿ ಕಾಡು ಹೊಗುತ್ತದೆ. ಅದನ್ನು ಹಿಡಿಯಬೇಕೆಂಬುದೇ ಎಲ್ಲರ ಆಸೆ. ಓತಿ ಕಾಣುತ್ತದೆ; ಕೈಗೆ ಸಿಕ್ಕಿತೆನ್ನುವಷ್ಟರಲ್ಲಿ ಪ್ರಪಾತದ ಆಚೆಗೆ ತೇಲಿಹೋಗುತ್ತದೆ. ಅದು ಯಾರ ಪೂರ್ವಜನ್ಮವೂ ಅಲ್ಲ, ಯಾವ ಭಕ್ತಿಗೂ ಉಪಮೆಯಲ್ಲ. ಮನುಷ್ಯ ಹುಟ್ಟುವ ಮೊದಲಿನಿಂದ ತನ್ನ ಪಾಡಿಗೆ ತಾನು ಬದುಕಿಬಂದ ಓತಿ, ಅಷ್ಟೆ. ಅದನ್ನು ಹಿಡಿದು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದರೆ ಕಾದಂಬರಿ ಒಂದು ಒಳ್ಳೆಯ ಸಾಹಸಕಥೆಯಾಗಿ ಮುಗಿಯುತ್ತಿತ್ತು. ಅದು ತಪ್ಪಿಸಿಕೊಂಡದ್ದರಿಂದ ಓದುಗನಿಗೆ ವಿಸ್ಮಯ ಉಳಿಯಿತು. ಹಿಡಿಯದೆಯೂ ಅರಿಯಬಹುದು, ಅರಿತ ಮೇಲೂ ಬಿಟ್ಟುಕೊಡಬೇಕಾದೀತು ಎಂಬ ತಿಳಿವಳಿಕೆ ಕನ್ನಡಕ್ಕೆ ಇಷ್ಟು ಸ್ಪಷ್ಟವಾಗಿ ಬಂದದ್ದು ಅಲ್ಲಿಂದಲೇ ಎಂದು ನನಗೆ ತೋರುತ್ತದೆ.

ಈ ಮೂರು ಕೃತಿಗಳನ್ನು ಕೈಯಲ್ಲಿ ಹಿಡಿದು ನಮ್ಮ ಮೃಗಾಲಯಗಳತ್ತ ತಿರುಗೋಣ. ಮೈಸೂರಿನ ಮೃಗಾಲಯ ಚಾಮರಾಜೇಂದ್ರ ಒಡೆಯರ ಕಾಲದಲ್ಲಿ, 1892ರಲ್ಲಿ ಅರಮನೆಯ ಆಸ್ತಿಯಾಗಿ ಹುಟ್ಟಿತು. ಜನಸಾಮಾನ್ಯರಿಗೆ ಅದರ ಬಾಗಿಲು ತೆರೆದದ್ದು 1902ರಲ್ಲಿ. ಅರಸರ ವಿನೋದ ಪ್ರಜೆಗಳ ವಿನೋದವಾಯಿತು. ಅಲ್ಲಿಂದೀಚೆಗೆ ಬೋನು ಬಯಲಾಯಿತು, ಕಂಬಿಯ ಬದಲು ಕಂದಕ ಬಂತು, 1992ರಲ್ಲಿ ಕೇಂದ್ರ ಪ್ರಾಧಿಕಾರವೂ ಅದರ ನಿಯಮಗಳೂ ಬಂದವು. ಈ ಸುಧಾರಣೆಗಳನ್ನು ಅಲ್ಲಗಳೆಯುವುದು ಕೃತಘ್ನತೆ. ಆದರೂ ಒಂದೇ ಜಾಡಿನಲ್ಲಿ ಅತ್ತಿಂದಿತ್ತ ಹೆಜ್ಜೆ ಸವೆಸುವ ಪ್ರಾಣಿಯನ್ನು ಮೃಗಾಲಯಕ್ಕೆ ಹೋದವರೆಲ್ಲ ಕಂಡಿದ್ದಾರೆ. ಸೆರೆಯ ಬೇಸರದಿಂದ ಬರುವ ನಡೆ ಅದೆಂದು ಬಲ್ಲವರು ಹೇಳುತ್ತಾರೆ. ಸೆರೆಯಲ್ಲಿ ಇನ್ನೊಂದು ಗಂಡಾಂತರವೂ ಉಂಟು. 2025ರ ನವೆಂಬರಿನಲ್ಲಿ ಬೆಳಗಾವಿಯ ಬಳಿಯ ಭೂತರಾಮನಹಟ್ಟಿಯ ಕಿತ್ತೂರು ರಾಣಿ ಚೆನ್ನಮ್ಮ ಮೃಗಾಲಯದಲ್ಲಿ ಕೆಲವೇ ದಿನಗಳೊಳಗೆ ಸುಮಾರು 30 ಕೃಷ್ಣಮೃಗಗಳು ಸೋಂಕಿನಿಂದ ಸತ್ತವು. ಬಯಲಿನಲ್ಲಿ ಹಿಂಡು ಚದುರಿ ಓಡಬಲ್ಲದು. ಬೇಲಿಯೊಳಗೆ ಓಡಿದರೆ ಮತ್ತೆ ಬೇಲಿಯೇ ಸಿಗುತ್ತದೆ.

ಎದುರು ಪಕ್ಷದ ಮಾತನ್ನೂ ಕೇಳಬೇಕು. ಮಂಗೋಲಿಯದ ಕಾಡುಕುದುರೆ 1960ರ ದಶಕದ ಹೊತ್ತಿಗೆ ಕಾಡಿನಿಂದ ಅಳಿದುಹೋಗಿತ್ತು. ಮೃಗಾಲಯಗಳಲ್ಲಿ ಉಳಿದಿದ್ದ ಸಂತತಿಯಿಂದಲೇ 1990ರ ದಶಕದಲ್ಲಿ ಅದನ್ನು ತನ್ನ ಹುಲ್ಲುಗಾವಲಿಗೆ ಮರಳಿಸಿದರು. ನಮ್ಮ ಊರೂರು ಸುತ್ತಿ ಕರಡಿ ಕುಣಿಸುತ್ತಿದ್ದ ಖಲಂದರರ ಕರಡಿಗಳಿಗೆ ಬನ್ನೇರುಘಟ್ಟದ ಪುನರ್ವಸತಿ ಕೇಂದ್ರ ನೆಲೆ ಕೊಟ್ಟಿತು. ದೇಶದ ಕೊನೆಯ ಕುಣಿತದ ಕರಡಿ ಅಲ್ಲಿಗೆ ಸೇರಿದ್ದು 2009ರಲ್ಲಿ. ಮೂಗು ಚುಚ್ಚಿ ಹಗ್ಗ ಪೋಣಿಸಿ, ಹಲ್ಲು ಕಿತ್ತು ಬೆಳೆಸಿದ ಆ ಪ್ರಾಣಿ ಕಾಡಿಗೆ ಹಿಂದಿರುಗಿ ಬದುಕಲಾರದು. ಅದಕ್ಕೆ ಬೇಲಿಯೇ ಆಸರೆ. ಆದುದರಿಂದ ನಾನು ಒಪ್ಪುವ ಅಳತೆಗೋಲು ಇಷ್ಟು: ಈ ಬೇಲಿ ಒಳಗಿರುವ ಪ್ರಾಣಿಗಾಗಿ ಹಾಕಿದ್ದೋ, ಹೊರಗೆ ನಿಂತವರಿಗಾಗಿ ಹಾಕಿದ್ದೋ? ಮೊದಲನೆಯದಾದರೆ ಅದು ಧರ್ಮ. ಎರಡನೆಯದಾದರೆ ಯಶೋಮತಿಯ ಬಾಣಕ್ಕೂ ಅದಕ್ಕೂ ಜಾತಿ ಒಂದೇ, ಪ್ರಮಾಣದಲ್ಲಿ ಮಾತ್ರ ವ್ಯತ್ಯಾಸ. ಆಫ್ರಿಕದ ಪ್ರಾಣಿಯನ್ನೋ ಕಡಲಿನ ಬಣ್ಣದ ಮೀನನ್ನೋ ತಂದು ನಮ್ಮ ಬಿಸಿಲಿನಲ್ಲಿ ಪ್ರದರ್ಶನಕ್ಕಿಡುವುದನ್ನು ಈ ಗೋಲಿನಿಂದ ಅಳೆದರೆ ಉತ್ತರ ತಾನಾಗಿ ದೊರೆಯುತ್ತದೆ.

ಕೂಡ್ಲಿಗಿಯ ರೈತ ಇದನ್ನು ಓದಿದರೆ ನಕ್ಕಾನು. ನಸುಕಿನಲ್ಲಿ ಶೇಂಗಾ ಹೊಲಕ್ಕೆ ಹೋದವನ ಮೇಲೆ ಕರಡಿ ಬಿದ್ದು ಮುಖ ಬಗೆದ ಸುದ್ದಿ ನಮ್ಮಲ್ಲಿ ಅಪರೂಪವಲ್ಲ. ಅಂಥವನ ಮನೆಯವರು ಬೋನು ಇಡಿ ಎಂದು ಕೂಗುವುದರಲ್ಲಿ ಯಾವ ಅನ್ಯಾಯವೂ ಇಲ್ಲ. ಅವರ ಮುಂದೆ ಅಕ್ಕನ ವಚನವನ್ನು ಹೇಳಹೊರಡುವುದು ಅಹಂಕಾರವಾದೀತು. ಆದರೆ ಕರಡಿ ಹೊಲಕ್ಕೆ ಇಳಿಯುವುದೇಕೆ? ಅದು ಮಲಗುತ್ತಿದ್ದ ಕಲ್ಲುಗುಡ್ಡಗಳನ್ನು ಒಡೆಯಲಾಗಿದೆ. ಅದು ತಿನ್ನುತ್ತಿದ್ದ ಬಾರಿಹಣ್ಣು, ಕವಳಿಹಣ್ಣಿನ ಪೊದೆಗಳು ಸವರಿಹೋಗಿವೆ. ಗುಡ್ಡವನ್ನು ಉಳಿಸದೆ ಒಂದು ಕರಡಿಯನ್ನು ಬೋನಿಗೆ ಹಾಕಿದರೆ ನಾಳೆ ಇನ್ನೊಂದು ಇಳಿಯುತ್ತದೆ. ಗಾಯಗೊಂಡವನಿಗೆ ಪರಿಹಾರ ತಡವಾಗದೆ ಸಿಗಬೇಕು, ಗುಡ್ಡಕ್ಕೆ ರಕ್ಷಣೆ ಸಿಗಬೇಕು. ಎರಡೂ ಒಂದೇ ನ್ಯಾಯದ ಭಾಗಗಳು.

ಹಿಡಿಯದೆ ನೋಡುವುದು ಸಾಧ್ಯವೆ ಎಂದು ಕೇಳುವವರು ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರಕ್ಕೆ ಹೋಗಬೇಕು. ಸುಮಾರು 98 ಹೆಕ್ಟೇರಿನ ಆ ಕೆರೆಯ ಕರಿಜಾಲಿ ಮರಗಳಲ್ಲಿ ಬಣ್ಣದ ಕೊಕ್ಕರೆಗಳೂ ಬಾಯ್ಕಳಕ ಕೊಕ್ಕರೆಗಳೂ ಗೂಡು ಕಟ್ಟುತ್ತವೆ. ಊರಿನವರ ಕಾವಲಿನಲ್ಲಿ ಬೆಳೆದ ಆ ಪಕ್ಷಿಧಾಮ 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿ ಲೋಕದ ಹೆಸರಾಂತ ಜೌಗುನೆಲೆಗಳ ಸಾಲಿನಲ್ಲಿ ನಿಂತಿತು. ಅಲ್ಲಿ ಹಕ್ಕಿಗೆ ಬೇಲಿಯಿಲ್ಲ. ಬರುವುದೂ ಹೋಗುವುದೂ ಅದರ ಇಚ್ಛೆ. ಇವೆರಡರ ನಡುವಿನದು 1994ರಲ್ಲಿ ಸ್ಥಾಪಿತವಾದ ದರೋಜಿ ಕರಡಿಧಾಮ. ಅಲ್ಲಿ ಬಂಡೆಗಳಿಗೆ ಬೆಲ್ಲದ ಪಾಕ ಹಚ್ಚಿ ಕರಡಿಗಳನ್ನು ಬರಮಾಡಿಕೊಂಡು, ದೂರದ ಗೋಪುರದಿಂದ ನೋಡುವ ಪದ್ಧತಿ ನಡೆದುಬಂದಿದೆ. ಕರಡಿ ತನ್ನ ಕಾಲಿನಿಂದಲೇ ಬಂದು ತನ್ನ ಕಾಲಿನಿಂದಲೇ ಹೋಗುತ್ತದೆಂಬುದು ಸಮಾಧಾನ. ನಮ್ಮ ಕಣ್ಣಿಗಾಗಿ ಅದರ ನಾಲಗೆಗೆ ರುಚಿ ಹತ್ತಿಸಿದ್ದೇವೆಂಬುದು ಸಂದೇಹ. ಈ ಸಂದೇಹವನ್ನು ಉಳಿಸಿಕೊಂಡೇ ಅಲ್ಲಿಗೆ ಹೋಗುವುದು ಒಳ್ಳೆಯದು.

ನಮ್ಮ ಶಾಲೆ ಕಾಲೇಜುಗಳ ಪ್ರವಾಸದ ಪಟ್ಟಿಯಲ್ಲಿ ಮೃಗಾಲಯಕ್ಕಿಂತ ಮೊದಲು ಅಂಕಸಮುದ್ರದ ಹೆಸರು ಬರಲಿ ಎಂಬುದು ನನ್ನ ಸೂಚನೆ. ಹಕ್ಕಿ ಆ ದಿನ ಕಾಣಿಸದೆ ಹೋದರೆ ಕಾಣಿಸಲಿಲ್ಲವೆಂದೇ ಮಕ್ಕಳು ಬರೆಯಲಿ. ಅದೂ ಒಂದು ಪಾಠ. ಬರೆಯುವವರಿಗೂ ಒಂದು ಮಾತು. ಪಂಜರವನ್ನು ಆತ್ಮದ ರೂಪಕವಾಗಿ ನಾವು ಸಾಕಷ್ಟು ದುಡಿಸಿಕೊಂಡಾಗಿದೆ. ಗುಡೇಕೋಟೆಯ ಕರಡಿಯನ್ನು ಕರಡಿಯೆಂದೇ ಬರೆಯುವ, ಅದಕ್ಕೆ ಹೆದರುವ ರೈತನನ್ನೂ ಅದರ ಕೂದಲನ್ನು ಹೊತ್ತು ಕುಣಿಯುವ ಗೊರವಯ್ಯನನ್ನೂ ಒಟ್ಟಿಗೆ ಕಾಣಬಲ್ಲ ಕನ್ನಡ ಕೃತಿಯೊಂದು ಈ ಸೀಮೆಯಿಂದ ಬರಬೇಕಾಗಿದೆ. ತೇಜಸ್ವಿಯವರು ಮಲೆನಾಡಿಗೆ ಮಾಡಿಕೊಟ್ಟದ್ದನ್ನು ನಮ್ಮ ಬಯಲುಸೀಮೆಗೆ ಮಾಡಿಕೊಡುವವರು ಯಾರು?