ನಾಣ್ಯದ ಪಾಠವೂ ಗಳಿಗೆಬಟ್ಟಲಿನ ಪಾಠವೂ

ಪ್ರಾಚೀನ ನಾಣ್ಯಗಳನ್ನೂ ಹಳೆಯ ಕಾಲಮಾಪಕಗಳನ್ನೂ ಕೂಡಿಸಿಡುವ ಹವ್ಯಾಸದಿಂದ, ಅಕ್ಕಸಾಲೆಯ ಮೂಸೆಗೂ ಹಳೆಯ ಪಾತ್ರೆಯ ವ್ಯಾಪಾರಿಯ ತಕ್ಕಡಿಗೂ ಹೋಗಬೇಕಾಗಿದ್ದ ಎಷ್ಟೋ ವಸ್ತುಗಳು ಉಳಿದುಕೊಂಡಿರುವುವೆಂಬುದನ್ನು ಮೊದಲೇ ಒಪ್ಪಿಕೊಳ್ಳತಕ್ಕದ್ದು. ಆದರೆ ಉಳಿಸುವುದು ಬೇರೆ, ಓದುವುದು ಬೇರೆ. ಓಲೆಗರಿಯ ಕಟ್ಟೊಂದು ಕೈಗೆ ಬಂದಾಗ ವಿದ್ವಾಂಸನಾದವನು ಗರಿಗಳ ಕ್ರಮವನ್ನು ಕೆಡಿಸುವುದಿಲ್ಲ. ಲಿಪಿಕಾರನ ತಪ್ಪನ್ನು ಸಹ ತಪ್ಪಾಗಿಯೇ ಬರೆದುಕೊಳ್ಳುತ್ತಾನೆ. ಕಡೆಯ ಗರಿಯಲ್ಲಿ ಪ್ರತಿ ಮಾಡಿದ ಕಾಲ ದೇಶಗಳ ಉಲ್ಲೇಖವಿದ್ದರೆ ಅದನ್ನು ಗ್ರಂಥದಷ್ಟೇ ಜೋಕೆಯಿಂದ ಕಾಪಾಡುತ್ತಾನೆ. ಈ ಎಚ್ಚರಿಕೆಯು ನಾಣ್ಯದ ಎದುರಿನಲ್ಲಿ ಏಕೋ ಮಾಯವಾಗುತ್ತದೆ. ಸಂಗ್ರಹಕಾರನ ಪಟ್ಟಿಯಲ್ಲಿ ಲೋಹ, ಅಪೂರ್ವತೆ, ಹೊಳಪು, ಬೆಲೆ ಇವುಗಳಿಗೆ ವಿಶಾಲವಾದ ಸ್ಥಳವಿರುತ್ತದೆ. ಮೇಲಿನ ಬರೆಹಕ್ಕೆ ಒಂದು ಮೂಲೆ ದೊರೆತರೆ ಹೆಚ್ಚು. ನಾಣ್ಯವು ಒಂದು ಪಾಠವೆಂದೂ, ಪಾಠಪರಿಷ್ಕರಣದ ನಿಯಮಗಳು ಅದಕ್ಕೂ ಸಲ್ಲುವುವೆಂದೂ ಒಪ್ಪದಿದ್ದರೆ ಆಗುವ ನಷ್ಟವೆಷ್ಟೆಂಬುದು ಕೆಲವು ಉದಾಹರಣೆಗಳಿಂದ ವ್ಯಕ್ತವಾಗುತ್ತದೆ.

ಹೊಯ್ಸಳ ವಿಷ್ಣುವರ್ಧನನ ಚಿನ್ನದ ನಾಣ್ಯಗಳನ್ನು ಮೊದಲು ನೋಡಬಹುದು. ಒಂದು ಮುಖದಲ್ಲಿ ಸಿಂಹಾಕೃತಿ. ಇನ್ನೊಂದು ಮುಖದಲ್ಲಿ ಸಾಲುಸಾಲಾಗಿ ಕನ್ನಡ ಅಕ್ಷರಗಳು. ಒಂದು ಬಗೆಯದರಲ್ಲಿ ‘ಶ್ರೀ ತಳಕಾಡುಗೊಂಡ’ ಎಂದಿದೆ. ಮತ್ತೊಂದು ಬಗೆಯದರಲ್ಲಿ ‘ಶ್ರೀ ನೊಣಂಬವಾಡಿಗೊಂಡ’ ಎಂದಿದೆ. ರಾಜನ ಹೆಸರಿಲ್ಲ, ವಂಶದ ಹೆಸರಿಲ್ಲ, ವರ್ಷವೂ ಇಲ್ಲ. ನಾಣ್ಯವನ್ನು ಮಾತ್ರವೇ ಬಲ್ಲವನಿಗೆ ಇದು ಒಡೆಯದ ಒಗಟು. ಶಾಸನಗಳನ್ನು ಬಲ್ಲವನಿಗೆ ಮಾತ್ರ, ವಿಷ್ಣುವರ್ಧನನ ಬಿರುದಾವಳಿಯ ನಡುವೆ ಕೇಳಿ ಕೇಳಿ ಪರಿಚಿತವಾದ ಮಾತು ಇದೇ ಎಂದು ಹೊಳೆಯುತ್ತದೆ. ಶಾಸನಕ್ಕೆ ಕಲ್ಲಿನ ಅಗಲವಿದೆ. ಅಲ್ಲಿ ತ್ರಿಭುವನಮಲ್ಲ, ವೀರಗಂಗ ಮೊದಲಾದ ಬಿರುದುಗಳು ಒಂದರ ಬೆನ್ನಿಗೆ ಒಂದು ಬರುತ್ತವೆ. ನಾಣ್ಯಕ್ಕೆ ಉಗುರಿನಷ್ಟು ಸ್ಥಳ. ಅಷ್ಟರಲ್ಲಿ ಯಾವುದನ್ನು ಇಡಬೇಕು, ಯಾವುದನ್ನು ಬಿಡಬೇಕು ಎಂಬ ವಿವೇಚನೆ ನಡೆದಿರಲೇಬೇಕು. ಆ ವಿವೇಚನೆಯ ಫಲವೇ ಈ ಏಕಪದವಾಕ್ಯ. ಕನ್ನಡ ಗದ್ಯದಲ್ಲಿ ಇದಕ್ಕಿಂತ ಚಿಕ್ಕದಾಗಿ ಇಷ್ಟನ್ನು ಹೇಳಿದ ವಾಕ್ಯ ವಿರಳ.

ಪಟ್ಟಿಕಾರರು ಇದನ್ನು ‘ತಳಕಾಡಿನ ವಿಜೇತ’ ಎಂದು ತಿರುಗಿಸಿ ಮುಂದೆ ಸಾಗುತ್ತಾರೆ. ಅರ್ಥವು ತಪ್ಪಲ್ಲ, ಆದರೆ ಧ್ವನಿಯು ತಪ್ಪಿಹೋಗುತ್ತದೆ. ‘ಕೊಳ್’ ಧಾತುವಿನ ಈ ಕೃದಂತರೂಪವು ಚೋಳರಿಗೆ ಬಹಳ ಪ್ರಿಯವಾಗಿದ್ದಿತು. ಮೊದಲನೆಯ ಪರಾಂತಕನು ‘ಮದಿರೈಕೊಂಡ’ನಾದನು, ಮೊದಲನೆಯ ರಾಜೇಂದ್ರನು ‘ಗಂಗೈಕೊಂಡ’ನಾದನು. ತಳಕಾಡು ಗಂಗರ ಕೈಯಿಂದ ಚೋಳರ ಕೈಗೆ ಹೋದದ್ದು ಕ್ರಿ. ಶ. 1004ರ ಸುಮಾರಿನಲ್ಲಿ, ಸುಮಾರು ನೂರಹನ್ನೆರಡು ವರ್ಷಗಳ ತರುವಾಯ, 1116ರ ಸುಮಾರಿನಲ್ಲಿ, ಅದನ್ನು ಹೊಯ್ಸಳರು ಕೊಂಡರು. ಚೋಳನಿಂದ ಕಿತ್ತುಕೊಂಡ ಊರಿನ ಹೆಸರಿಗೆ ಚೋಳನ ಬಿರುದಿನ ಪ್ರತ್ಯಯವನ್ನೇ ಅಂಟಿಸಿ ಚಿನ್ನದ ಮೇಲೆ ಒತ್ತಿಸಿದುದರಲ್ಲಿ ಕೊಂಕಿನ ನಗೆಯೊಂದು ಇಲ್ಲದೆ ಇಲ್ಲ. ‘ವಿಜೇತ’ನೆಂಬ ಸಂಸ್ಕೃತಪದದಲ್ಲಿ ಆ ನಗೆಯು ಕೇಳಿಸುವುದಿಲ್ಲ. ತಳಕಾಡನ್ನು ನಿಜವಾಗಿ ಹೋರಾಡಿ ಗೆದ್ದವನು ದಂಡನಾಯಕ ಗಂಗರಾಜನೆಂಬುದನ್ನು ಶಾಸನಗಳು ಮರೆಮಾಚುವುದಿಲ್ಲ, ನಾಣ್ಯವು ಮರೆಮಾಚುತ್ತದೆ. ಕರ್ತೃವಿನ ಹೆಸರನ್ನು ಬಿಟ್ಟು ಕೃತ್ಯವನ್ನು ಮಾತ್ರ ಹೇಳುವ ಈ ರಚನೆಯಲ್ಲಿ ಗೆದ್ದವನೂ ಆಳುವವನೂ ಒಬ್ಬನೇ ಆಗಿಬಿಡುತ್ತಾನೆ.

ಎರಡನೆಯ ಬಗೆಯ ನಾಣ್ಯವು ಇನ್ನೂ ಸೂಕ್ಷ್ಮವಾದುದು. ವಿಷ್ಣುವರ್ಧನನು ಹೆಸರಿಗಾದರೂ ಚಾಳುಕ್ಯ ಆರನೆಯ ವಿಕ್ರಮಾದಿತ್ಯನ ಮಾಂಡಲಿಕನು. ತಳಕಾಡು ಚೋಳರ ವಶದಲ್ಲಿದ್ದುದರಿಂದ ಆ ಗೆಲವಿನ ಘೋಷಣೆಯು ಚಾಳುಕ್ಯ ಚಕ್ರವರ್ತಿಗೆ ಅಪ್ರಿಯವಾಗಲು ಕಾರಣವಿಲ್ಲ. ನೊಣಂಬವಾಡಿಯಾದರೋ ಚಾಳುಕ್ಯರಿಗೇ ನಡೆದುಕೊಳ್ಳುತ್ತಿದ್ದ ಉಚ್ಚಂಗಿಯ ಪಾಂಡ್ಯರ ನಾಡು. ಆದುದರಿಂದ ಮೊದಲನೆಯ ಬರೆಹವು ದಕ್ಷಿಣಕ್ಕೆ ಮುಖಮಾಡಿದ ಮಾತು, ಎರಡನೆಯದು ಉತ್ತರಕ್ಕೆ ಮುಖಮಾಡಿದ ಮಾತು ಎಂದು ಭಾವಿಸಲು ಎಡೆಯಿದೆ. ಒಂದೇ ಸಿಂಹದ ಬೆನ್ನ ಹಿಂದೆ ಇಬ್ಬರು ಶ್ರೋತೃಗಳಿಗೆ ಎರಡು ವಾಕ್ಯಗಳು. ‘ಹೊಯ್ಸಳ, ಚಿನ್ನ, ಅಪೂರ್ವ’ ಎಂಬ ಮೂರು ಮಾತಿನ ಚೀಟಿಯ ಕೆಳಗೆ ಇವೆರಡನ್ನೂ ಒಟ್ಟಿಗೆ ಇಟ್ಟಾಗ ಈ ಭೇದವು ಅಳಿಸಿಹೋಗುತ್ತದೆ.

ಈ ಬಗೆಯ ಓದಿಗೆ ದಾರಿ ತೋರಿಸಿದವರಲ್ಲಿ ಸರ್ ವಾಲ್ಟರ್ ಎಲಿಯಟ್ಟನು ಮುಖ್ಯನು. 1824ರ ಕಿತ್ತೂರಿನ ದಂಗೆಯಲ್ಲಿ ಸೆರೆಸಿಕ್ಕಿದ್ದ ಈ ಅಧಿಕಾರಿಯು ಅನಂತರ ಧಾರವಾಡದ ಪ್ರಾಂತದಲ್ಲಿದ್ದುಕೊಂಡು ಶಾಸನಗಳ ಪ್ರತಿಗಳನ್ನು ಮಾಡಿಸಿದನು. ಅವನ ಕರ್ಣಾಟದೇಶದ ಶಾಸನಸಂಗ್ರಹದಲ್ಲಿ 595 ಶಾಸನಗಳ ಪ್ರತಿಗಳಿದ್ದುವು. ದಕ್ಷಿಣ ಹಿಂದೂಸ್ಥಾನದ ನಾಣ್ಯಗಳ ಮೇಲಿನ ಅವನ ಗ್ರಂಥವು ಹೊರಬಿದ್ದುದು 1886ರಲ್ಲಿ, ಅವನ ಮರಣಕ್ಕೆ ಒಂದು ವರ್ಷ ಮುಂಚೆ. ಆ ವೇಳೆಗೆ ಅವನಿಗೆ ಕಣ್ಣು ಹೆಚ್ಚು ಕಡಮೆ ಕಾಣದಾಗಿದ್ದಿತು. ಕಣ್ಣಿಲ್ಲದವನು ನಾಣ್ಯಗಳನ್ನು ಕುರಿತು ಬರೆದನೆಂಬುದು ವಿಚಿತ್ರವಾಗಿ ಕಾಣಬಹುದು. ಆದರೆ ಅವನ ಬಲವಿದ್ದುದು ಅರ್ಧಶತಮಾನದ ಶಾಸನಪರಿಚಯದಲ್ಲಿ. ನಾಣ್ಯದ ಪೆಟ್ಟಿಗೆಯೂ ಶಾಸನದ ಪ್ರತಿಗಳೂ ಒಬ್ಬನ ಕೈಯಲ್ಲಿಯೇ ಕೂಡಿದ್ದುದರಿಂದ ಒಂದು ಇನ್ನೊಂದಕ್ಕೆ ವ್ಯಾಖ್ಯಾನವಾಯಿತು. ಅವನಲ್ಲಿಯೂ ದೋಷಗಳಿವೆ; ಅವನ ಕೆಲವು ನಿರ್ಣಯಗಳನ್ನು ಮುಂದಿನವರು ತಿದ್ದಿದ್ದಾರೆ. ವಿಧಾನವು ಮಾತ್ರ ಇಂದಿಗೂ ತಿದ್ದುಪಡಿ ಬೇಡುವುದಿಲ್ಲ.

ಬರೆಹದ ಮಾತು ಹೀಗಾದರೆ, ನೆರೆಹೊರೆಯ ಮಾತೂ ಅಷ್ಟೇ ಮುಖ್ಯವಾದುದು. ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯಲ್ಲಿ 1929ರಲ್ಲಿ ಎಂ. ಎಚ್. ಕೃಷ್ಣರೂ 1947ರಲ್ಲಿ ವೀಲರರೂ ಅಗೆಸಿದರು. ಸಾತವಾಹನರ ಕಾಲದ ಸೀಸದ ನಾಣ್ಯಗಳು ದೊರೆತ ಆ ನೆಲೆಯಲ್ಲಿಯೇ ರೋಮನ್ ಚಕ್ರವರ್ತಿಗಳಾದ ಅಗಸ್ಟಸ್, ಟೈಬೀರಿಯಸ್ಸರ ಬೆಳ್ಳಿಯ ನಾಣ್ಯಗಳೂ ದೊರೆತಿವೆ. ಸೀಸದ ತುಣುಕಿನ ಮೇಲೆ ವರ್ಷವಿಲ್ಲದಿದ್ದರೂ ಅದೇ ನೆಲದಲ್ಲಿ ಸಿಕ್ಕಿದ ಬೆಳ್ಳಿಯು ಸಾಕ್ಷಿ ನುಡಿಯುತ್ತದೆ. ಅದೇ ಸೀಸವು ಪೇಟೆಯ ಮಾರಾಟದಲ್ಲಿ ಸಿಕ್ಕಿದ್ದರೆ ಅದೊಂದು ಅನಾಥವಸ್ತು. 1878ರ ನಿಧಿ ಶಾಸನವು ಹತ್ತು ರೂಪಾಯಿಗೆ ಮೇಲ್ಪಟ್ಟ ನಿಧಿ ಸಿಕ್ಕಿದರೆ ಸರಕಾರಕ್ಕೆ ತಿಳಿಸಬೇಕೆಂದು ವಿಧಿಸಿತು. ಆದರೆ ಬೆಲೆಯನ್ನು ಅಳೆದ ಈ ಕಾನೂನಿನ ಕಣ್ಣಿಗೆ ನಾಣ್ಯಗಳನ್ನು ತುಂಬಿದ್ದ ಮಡಕೆಯು ಬೀಳಲಿಲ್ಲ. ಮಡಕೆಯ ಆಕಾರ, ಹೂತಿದ್ದ ಆಳ, ಯಾವ ನಾಣ್ಯದ ಜೊತೆಗೆ ಯಾವುದಿದ್ದಿತು ಎಂಬ ಕ್ರಮ, ಇವೆಲ್ಲ ಓಲೆಯ ಕಟ್ಟಿನ ಕಡೆಯ ಗರಿ ಇದ್ದಂತೆ.

ನಾಣ್ಯವು ಕಾಲವನ್ನು ತಾನೇ ಹೇಳುವಾಗಲೂ ಓದುಗನು ಎಡವುವುದುಂಟು. ಟೀಪೂ ಸುಲ್ತಾನನು ಮೊದಲು ಹಿಜರಿ ವರ್ಷವನ್ನು ಅಚ್ಚುಹಾಕಿಸುತ್ತಿದ್ದನು. 1200ರ ಅನಂತರ ಮೌಲೂದೀ ಎಂಬ ಹೊಸ ಶಕೆಯನ್ನು ಹಿಡಿದುದರಿಂದ ಅವನ ನಾಣ್ಯಗಳ ಅಂಕವು ಒಮ್ಮೆಗೇ 1215ಕ್ಕೆ ನೆಗೆಯುತ್ತದೆ. ಇಷ್ಟು ಸಾಲದೆಂಬಂತೆ ಆ ಅಂಕೆಗಳನ್ನು ಬಲದಿಂದ ಎಡಕ್ಕೆ ಓದಬೇಕು. 1216 ಎಂಬುದು ಎಡದಿಂದ ಓದುವವನಿಗೆ 6121 ಆಗಿ ಕಾಣುತ್ತದೆ. ಅಂಕೆಗಳನ್ನು ಸರಿಯಾಗಿ ಓದಿದವನೂ ಅದನ್ನು ಹಿಜರಿಯೆಂದೇ ತಿಳಿದರೆ ಆ ನಾಣ್ಯದ ಕಾಲ ಕ್ರಿ. ಶ. 1801 ಎಂದಾಗುವುದು. 1799ರಲ್ಲಿಯೇ ಶ್ರೀರಂಗಪಟ್ಟಣದ ಕೋಟೆಯಲ್ಲಿ ಮಡಿದ ದೊರೆಯು 1801ರಲ್ಲಿ ನಾಣ್ಯ ಹೊಡೆಯಿಸಿದಂತೆ! ವಾಸ್ತವದಲ್ಲಿ ಅದು 1788ರ ಸುಮಾರಿನದು. ಪ್ರಭವ ವಿಭವಾದಿ ಅರುವತ್ತು ಸಂವತ್ಸರಗಳ ಚಕ್ರವನ್ನು ಈ ದೊರೆಯು ಕಿತ್ತೆಸೆಯಲಿಲ್ಲವೆಂಬುದೂ, ಅವಕ್ಕೆ ಬೇರೆ ಹೆಸರುಗಳನ್ನಿಟ್ಟು ಇರಿಸಿಕೊಂಡನೆಂಬುದೂ ಗಮನಾರ್ಹ. ತಾಮ್ರದ ನಾಣ್ಯಗಳಿಗೆ ಅವನು ಕೊಟ್ಟ ಜೊಹರಾ, ಬಹರಾಮ್, ಅಖ್ತರ್, ಕುತುಬ್ ಎಂಬ ಹೆಸರುಗಳು ಕ್ರಮವಾಗಿ ಶುಕ್ರ, ಅಂಗಾರಕ, ತಾರೆ, ಧ್ರುವ ಇವುಗಳನ್ನು ಹೇಳುತ್ತವೆ. ಪಂಚಾಂಗವನ್ನೂ ಟಂಕಸಾಲೆಯನ್ನೂ ಒಂದೇ ಮನಸ್ಸು ಒಟ್ಟಿಗೆ ತಿದ್ದಿದುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ಕಾಲದ ಮಾತು ಬಂದುದರಿಂದ ಕಾಲಮಾಪಕಗಳತ್ತ ತಿರುಗಬಹುದು. ಇವುಗಳಲ್ಲಿ ದೇಶೀಯವಾದುದು ಗಳಿಗೆಬಟ್ಟಲು. ಅಡಿಯಲ್ಲಿ ರಂಧ್ರವುಳ್ಳ ತಾಮ್ರದ ಬಟ್ಟಲನ್ನು ನಿರ್ಮಲವಾದ ನೀರಿನಲ್ಲಿ ತೇಲಬಿಟ್ಟರೆ ಅದು ಹಗಲಿರುಳಿಗೆ ಅರುವತ್ತು ಸಲ ಮುಳುಗಬೇಕೆಂಬ ಲಕ್ಷಣವು ಸೂರ್ಯಸಿದ್ಧಾಂತದಲ್ಲಿಯೇ ಇದೆ. ಒಂದು ಮುಳುಗು ಎಂದರೆ ಒಂದು ಗಳಿಗೆ, ಇಪ್ಪತ್ತನಾಲ್ಕು ನಿಮಿಷ. ಮದುವೆಯ ಮುಹೂರ್ತಕ್ಕೆ ಪುರೋಹಿತನು ನೋಡುತ್ತಿದ್ದುದು ಇದನ್ನೇ. ನೀರು ನಿರ್ಮಲವಾಗಿರಬೇಕೆಂಬ ನಿಯಮವು ಮಡಿಯ ಮಾತೆಂದು ತಿಳಿದವರುಂಟು. ಕಸ ಸಿಕ್ಕಿ ರಂಧ್ರ ಕಟ್ಟಿದರೆ ಗಳಿಗೆ ಬೆಳೆಯುತ್ತದೆಂಬ ಯಂತ್ರಜ್ಞಾನವೂ ಅದರಲ್ಲಿ ಅಡಗಿದೆ.

ಈ ಬಟ್ಟಲಿನ ಮೇಲೆ ಬರೆಹವಿರಲೇಬೇಕೆಂಬ ನಿಯಮವಿಲ್ಲ. ಅದರ ಪಾಠವಿರುವುದು ತೂಕದಲ್ಲಿ, ಬಾಯ ಅಗಲದಲ್ಲಿ, ರಂಧ್ರದ ಗಾತ್ರದಲ್ಲಿ. ಹಗುರವಾದರೆ ನಿಧಾನವಾಗಿ ಮುಳುಗುವುದು, ಭಾರವಾದರೆ ಬೇಗ. ರಂಧ್ರ ಹಿಗ್ಗಿದರಂತೂ ಲೆಕ್ಕವೇ ಕೆಡುವುದು. ಹುಣಿಸೆಹಣ್ಣಿನಿಂದಲೋ ಆಮ್ಲದಿಂದಲೋ ಉಜ್ಜಿ ಉಜ್ಜಿ ಕನ್ನಡಿಯಂತೆ ಹೊಳೆಯಿಸಿ ಗಾಜಿನ ಕಪಾಟಿನಲ್ಲಿ ಇಟ್ಟ ಬಟ್ಟಲು ತನ್ನ ಗಳಿಗೆಯನ್ನೇ ಕಳೆದುಕೊಂಡಿರುತ್ತದೆ. ಅದು ಗಳಿಗೆಬಟ್ಟಲೋ ಬರಿಯ ತೂತಾದ ಪಾತ್ರೆಯೋ ಎಂದು ಪರೀಕ್ಷಿಸುವ ಮಾರ್ಗ ಬಹು ಸುಲಭ: ನೀರಿನಲ್ಲಿ ತೇಲಬಿಟ್ಟು ಕಾಲವನ್ನು ಎಣಿಸುವುದು. ಎಷ್ಟು ಸಂಗ್ರಹಗಳಲ್ಲಿ ಈ ಪರೀಕ್ಷೆ ನಡೆದಿದೆಯೋ! ನಾಣ್ಯಕ್ಕೂ ಇದೇ ನ್ಯಾಯ. ಕಂಠೀರಾಯಿ ಹಣದ ತೂಕವೇ ಒಂದು ಗ್ರಾಮಿನ ಮೂರನೆಯ ಒಂದು ಪಾಲಿನ ಆಸುಪಾಸು. ಅಂತಹದರ ಅಂಚನ್ನು ತುಸು ಉಜ್ಜಿದರೂ ತೂಕದ ಪ್ರಮಾಣವನ್ನು ಹುಡುಕುವವನು ದಾರಿ ತಪ್ಪುತ್ತಾನೆ.

ಇದರ ಮುಂದಿನ ಹೆಜ್ಜೆಯು ಉಜ್ಜುವುದಲ್ಲ, ಹೊಸದಾಗಿ ಬರೆಯುವುದು. ಬೆಂಗಳೂರಿನಲ್ಲಿ ಜಪಾನಿನ ಸಿಟಿಜನ್ ಸಂಸ್ಥೆಯ ಸಹಕಾರದಿಂದ 1961ರಲ್ಲಿ ಆರಂಭವಾದ ಎಚ್. ಎಂ. ಟಿ. ಕೈಗಡಿಯಾರದ ಉದ್ಯಮವನ್ನು ಮುಚ್ಚಲು 2016ರಲ್ಲಿ ಸರಕಾರವು ತೀರ್ಮಾನಿಸಿತು. ಕೀಲಿ ಕೊಡುವ ಆ ಗಡಿಯಾರಗಳಿಗೆ ಈಗ ಸಂಗ್ರಹಕಾರರ ಆದರವು ಹೆಚ್ಚಿದೆ. ಆದರ ಹೆಚ್ಚಿದೊಡನೆ ಮುಖಫಲಕಕ್ಕೆ ಹೊಸ ಬಣ್ಣ ಬಳಿದು, ಹೆಸರನ್ನು ಪುನಃ ಅಚ್ಚೊತ್ತಿ, ಒಂದರ ಯಂತ್ರವನ್ನು ಮತ್ತೊಂದರ ಕವಚದಲ್ಲಿ ಕೂಡಿಸಿದ ಗಡಿಯಾರಗಳು ಪೇಟೆಗೆ ಬಂದುವು. ಕಾವ್ಯದಲ್ಲಿ ಇಂತಹದನ್ನು ಪ್ರಕ್ಷಿಪ್ತವೆನ್ನುತ್ತಾರೆ. ಮಸುಕಾದ ಮೂಲಫಲಕಕ್ಕಿಂತ ಥಳಥಳಿಸುವ ಪ್ರಕ್ಷಿಪ್ತಕ್ಕೆ ಹೆಚ್ಚು ಬೆಲೆ ಕೊಡುವ ಕೊಳ್ಳುವವನು, ಪ್ರಾಚೀನ ಪಾಠ ಕಠಿನವೆಂದು ಸರಳಪಾಠವನ್ನು ಮೂಲದೊಳಕ್ಕೆ ಸೇರಿಸುವ ಸಂಪಾದಕನಿಗೆ ಸಾಕ್ಷಾತ್ ಸಹೋದರನು.

ಸಂಗ್ರಹಕಾರನನ್ನು ಮಾತ್ರವೇ ದೂರಿದರೆ ನ್ಯಾಯವಾಗದು. ಪಾಠಶಾಲೆಯಲ್ಲಿ ಹಳಗನ್ನಡ ನಡುಗನ್ನಡಗಳನ್ನು ಬೋಧಿಸುವವರು ಹಾಗ, ವೀಸ, ಅಡ್ಡ, ಗದ್ಯಾಣ ಎಂಬ ಪದಗಳು ಬಂದಾಗ ‘ಒಂದು ಬಗೆಯ ನಾಣ್ಯ’ ಎಂದು ಟಿಪ್ಪಣಿ ಕೊಟ್ಟು ಮುಗಿಸುವುದು ವಾಡಿಕೆಯಾಗಿದೆ. ಅಡ್ಡವೆಂದರೆ ಹಣದ ಅರ್ಧ, ಹಾಗವೆಂದರೆ ಕಾಲು, ವೀಸವೆಂದರೆ ಹದಿನಾರನೆಯ ಒಂದು ಪಾಲು. ಗದ್ಯಾಣಕ್ಕೆ ತಿಂಗಳಿಗೆ ಹಾಗ ಬಡ್ಡಿಯೆಂಬ ಮಾತು ಎದುರಾದರೆ, ಗದ್ಯಾಣಕ್ಕೆ ಹತ್ತು ಹಣವೆಂಬ ಲೆಕ್ಕದಲ್ಲಿ ಅದು ನಲವತ್ತರಲ್ಲಿ ಒಂದು, ವರ್ಷಕ್ಕೆ ನೂರಕ್ಕೆ ಮೂವತ್ತು! ದೇವರ ನಂದಾದೀಪಕ್ಕೆ ದತ್ತಿ ಬಿಟ್ಟವನ ಭಕ್ತಿಯೊಡನೆ ಆ ದತ್ತಿಯನ್ನು ಸಾಲವಾಗಿ ಪಡೆದವನ ಕಷ್ಟವೂ ಆಗ ಕಣ್ಣಿಗೆ ಬೀಳುತ್ತದೆ. ‘ಒಂದು ಬಗೆಯ ನಾಣ್ಯ’ ಎಂಬ ಟಿಪ್ಪಣಿಯಲ್ಲಿ ಇಬ್ಬರೂ ಕಾಣುವುದಿಲ್ಲ. ಗಳಿಗೆಯ ಗತಿಯೂ ಇದೇ. ಆ ಪದವು ಘಟಿಕಾ ಎಂಬುದರ ತದ್ಭವ. ಘಟಿಕೆಯೆಂದರೆ ಚಿಕ್ಕ ಮಡಕೆ. ಗಡಿಯಾರದ ‘ಗಡಿ’ಯಲ್ಲಿಯೂ ಆ ಮಡಕೆಯೇ ಇದೆ. ಬಟ್ಟಲು ಮುಳುಗುವುದನ್ನು ಒಮ್ಮೆಯಾದರೂ ಕಂಡ ವಿದ್ಯಾರ್ಥಿಗೆ ‘ಗಳಿಗೆ ತುಂಬಿತು’ ಎಂಬ ಮಾತು ಅಲಂಕಾರವಾಗಿ ತೋರದು. ನೀರು ತುಂಬಿದುದೇ ಅದರ ವಾಚ್ಯಾರ್ಥ.

ವಸ್ತುವಿನಲ್ಲಿ ಸಿಕ್ಕದೆ ಬರೆಹದಲ್ಲಿ ಮಾತ್ರ ಉಳಿದ ನಾಣ್ಯವೂ ಉಂಟು. ಮೈಸೂರಿನ ಕಂಠೀರವ ನರಸರಾಜ ಒಡೆಯರು (1638–1659) ನರಸಿಂಹನ ಮೂರ್ತಿಯುಳ್ಳ ಚಿನ್ನದ ಹಣವನ್ನು ಹೊರಡಿಸಿದರು. ಆ ಅಚ್ಚು ದಿವಾನ್ ಪೂರ್ಣಯ್ಯನವರ ಕಾಲದಲ್ಲಿಯೂ ನಡೆಯಿತು. ಹತ್ತು ಕಂಠೀರಾಯಿ ಹಣಗಳಿಗೆ ಒಂದು ಕಂಠೀರಾಯಿ ವರಹವೆಂದು ಲೆಕ್ಕ. ಹಳೆಯ ಕಂದಾಯದ ಕಡತಗಳಲ್ಲಿ ಈ ವರಹದ ಹೆಸರು ಕಾಣುತ್ತದೆ. ಅದನ್ನು ಕಂಡವರು ಅಂತಹ ನಾಣ್ಯವೊಂದು ಎಲ್ಲಿಯಾದರೂ ಇರಬೇಕೆಂದು ಹುಡುಕುವುದು ಸಹಜ. ಆದರೆ ಕಂಠೀರಾಯಿ ವರಹವನ್ನು ಟಂಕಸಾಲೆಯಲ್ಲಿ ಅಚ್ಚುಹಾಕಿದುದೇ ಇಲ್ಲ. ಶಾನುಭೋಗನ ಲೇಖನಿಯಲ್ಲಿ ಹುಟ್ಟಿ ಅವನ ಕಡತದಲ್ಲಿಯೇ ಅದು ಚಲಾವಣೆಯಾಯಿತು.